ಕನ್ನಡಿ ಮುಂದೆ ಕೂತು ಮುಖ ಬರೆಯುವುದು

ಕೊಪ್ಪಳದ ಬಿಸಿಲು ಜೋರು. ಅದಕ್ಕೇ ನನ್ನದೇ ಮುಖದ ಚಿತ್ರ ಬರೆಯಲು ನಾನು ಬೆಳಿಗ್ಗೆಯೇ ಉತ್ತರದ ಕಿಟಕಿ ಪಕ್ಕ ಕೂರುತ್ತೇನೆ. ಬೆಳಕು ಒಂದೇ ಕಡೆಯಿಂದ ಬರಲಿ, ಇನ್ನೊಂದು ಕೆನ್ನೆ ನೆರಳಲ್ಲಿರಲಿ. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ತನ್ನದೇ ಮುಖಗಳನ್ನು ನೋಡಿ, ಎಷ್ಟೋ ಸಲ ಅರ್ಧ ಮುಖ ಕತ್ತಲಲ್ಲೇ ಇರುತ್ತದೆ.

ಕನ್ನಡಿ ಕಣ್ಣಿನ ಎತ್ತರಕ್ಕಿರಲಿ. ಮೊದಲೇ ಕಣ್ಣು ಬರೆಯಬೇಡಿ. ತಲೆಯನ್ನು ಮೊಟ್ಟೆಯ ಹಾಗೆ ಹಗುರವಾಗಿ ಎಳೆಯಿರಿ. ಕಣ್ಣು ಬರುವುದು ತಲೆಯ ಸರಿಯಾಗಿ ಅರ್ಧಕ್ಕೆ. ನಾವು ಜಾಸ್ತಿ ಮೇಲೆ ಬರೆದುಬಿಡುತ್ತೇವೆ, ಹಣೆ ಚಿಕ್ಕದಾಗುತ್ತದೆ, ಅಲ್ವಾ? ನಂತರ ಕಣ್ಣು ಕಿರಿದು ಮಾಡಿ ನೋಡಿ. ಸಣ್ಣ ವಿವರ ಮಾಯವಾಗಿ ನೆರಳಿನ ದೊಡ್ಡ ತುಂಡುಗಳು ಕಾಣುತ್ತವೆ. ಮೊದಲು ಅವನ್ನೇ ತುಂಬಿ.

ಬಣ್ಣ ನಿಮ್ಮಿಷ್ಟ. ಇನ್ನೊಬ್ಬ ಡಚ್ ಚಿತ್ರಕಾರ ವ್ಯಾನ್ ಗೋ ಮುಖಕ್ಕೆ ಹಸಿರನ್ನೂ ಹಚ್ಚಿದ. ಚಿತ್ರಕ್ಕೆ ಎದುರು ಕೂರುವವರಿಗೆ ಕೊಡಲು ದುಡ್ಡಿಲ್ಲದೆ ತನ್ನನ್ನೇ ಬರೆದುಕೊಂಡ. 1925ರ ಬಸ್ ಅಪಘಾತದ ನಂತರ ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಹ್ಲೋ ಹಾಸಿಗೆಯ ಮೇಲೆ ಕಟ್ಟಿದ ಕನ್ನಡಿ ನೋಡಿ ಬರೆದಳು.

ಬೇರೆಯವರನ್ನು ಬರೆಯುವಾಗ ಸುಮ್ನೆ ಕೂರಿಸಬೇಡಿ. ನಮ್ಮವ್ವ ಕುರ್ಚಿಯಲ್ಲಿ ಕೂತರೆ ಮುಖ ಬಿಗಿಯುತ್ತದೆ. ಅವಳು ಜೋಳ ಹಸನು ಮಾಡುವಾಗ ಬರೆದೆ. ಬಗ್ಗಿದ ಕತ್ತು, ಅರೆಮುಚ್ಚಿದ ರೆಪ್ಪೆ. ಅದು ನಿಜವಾಗಿ ಅವ್ವನೇ.