ಬೆಳಗಿನ ಶುಗರ್ ರಾತ್ರಿಯ ರೊಟ್ಟಿಯದಲ್ಲ

ಸಿಂಧನೂರಿನ ನನ್ನ ಕ್ಲಿನಿಕ್‌ಗೆ ಬರುವ ಶುಗರ್ ಇರುವವರು ಜಾಸ್ತಿ ಕೇಳುವ ಪ್ರಶ್ನೆ ಇದು. "ಸರ್, ರಾತ್ರಿ ಒಂದ ರೊಟ್ಟಿ ತಿಂದು ಮಲಗೀನ್ರಿ. ಮುಂಜಾನೆ ಖಾಲಿ ಹೊಟ್ಟೀಲೆ 170 ಹೆಂಗ ಬಂತ್ರಿ?" ಕೆಲವರು ಹೆದರಿ ರಾತ್ರಿ ಊಟವನ್ನೇ ಬಿಡುತ್ತಾರೆ. ಆಗಲೂ ಇಳಿಯುವುದಿಲ್ಲ. ಕದ್ದು ತಿಂದಿರಬೇಕು ಅಂತ ಮನೆಯವರಿಗೆ ಅನುಮಾನ. ಆ ಅನುಮಾನ ತೆಗೆಯುವುದೇ ನನ್ನ ಮೊದಲ ಕೆಲಸ.

ಈ ಕಡೆಯ ಹಿರಿಯರಿಗೆ ಹಗೇವು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಗೊತ್ತು. ಲಿವರ್ ಅಂದರೆ ಮೈಯೊಳಗಿನ ಹಗೇವು ಅಂತ ಹೇಳುತ್ತೇನೆ. ಉಂಡಾಗ ಬಂದ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ, ಸುಮಾರು 100 ಗ್ರಾಂವರೆಗೆ ಅಲ್ಲಿ ಕೂಡಿಡುತ್ತದೆ. ನಾವು ಮಲಗಿದಾಗ ಅದನ್ನೇ ಬಿಚ್ಚಿ ಮಿದುಳಿಗೆ ಕಳಿಸುತ್ತದೆ. ಸಾಲದಿದ್ದರೆ ಮೈಯಲ್ಲೇ ಇರುವ ಅಮಿನೋ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್ ಬಳಸಿ ಹೊಸ ಸಕ್ಕರೆ ತಯಾರಿಸುತ್ತದೆ. ನಸುಕಿನಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಇದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಹಿರಿಯರಿಗೆ ಇಷ್ಟು ಸಾಕು. ಜೊತೆಗೆ ಬಂದ ಓದಿದ ಮಕ್ಕಳಿಗೆ ಚೀಟಿಯ ಹಿಂದೆ ಚಿತ್ರ ಬರೆಯುತ್ತೇನೆ. ಇನ್ಸುಲಿನ್ ಮೊದಲು ಮುಟ್ಟುವುದೇ ಲಿವರನ್ನು. ಅದು ಬಂದಾಗ ಜೀವಕೋಶದೊಳಗೆ ಎಕೆಟಿ ಎಂಬ ಕಿಣ್ವ ಚುರುಕಾಗಿ, ಫಾಕ್ಸೋ-1 ಎಂಬ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿ ಕೋಶಕೇಂದ್ರದಿಂದ ಹೊರಗೆ ಹಾಕುತ್ತದೆ. ಫಾಕ್ಸೋ ಒಳಗಿದ್ದಷ್ಟು ಹೊತ್ತು ಸಕ್ಕರೆ ತಯಾರಿಸುವ ಜೀನ್‌ಗಳು ಕೆಲಸ ಮಾಡುತ್ತಿರುತ್ತವೆ, ಹೊರಬಿದ್ದರೆ ತಣ್ಣಗಾಗುತ್ತವೆ. ಅದೇ ಇನ್ಸುಲಿನ್ ಎಸ್‌ಆರ್‌ಇಬಿಪಿ-1ಸಿ ಎಂಬ ಇನ್ನೊಂದು ಪ್ರೋಟೀನ್ ಮೂಲಕ ಕೊಬ್ಬು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ.

ನನಗೆ ಕಳವಳ ತರುವುದು ಇಲ್ಲೇ. ಟೈಪ್ 2 ಶುಗರ್‌ನಲ್ಲಿ 'ಸಕ್ಕರೆ ನಿಲ್ಲಿಸು' ಅಂದರೆ ಲಿವರ್ ಕೇಳುವುದಿಲ್ಲ. 'ಕೊಬ್ಬು ಮಾಡು' ಅಂದರೆ ಮಾತ್ರ ಕೇಳುತ್ತಲೇ ಇರುತ್ತದೆ. ಎರಡೂ ಕಡೆ ನಷ್ಟ, ಅಲ್ವಾ? ಒಂದು ಹನಿ ಸಾರಾಯಿ ಮುಟ್ಟದ ಹೆಣ್ಣುಮಕ್ಕಳ ಸ್ಕ್ಯಾನಿಂಗ್‌ನಲ್ಲೂ ಫ್ಯಾಟಿ ಲಿವರ್ ಬರುವುದಕ್ಕೆ ಇದೊಂದು ಕಾರಣ. ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ಬಗೆ ಇದ್ದವರಲ್ಲಿ ಕೊಬ್ಬು ಇನ್ನೂ ಬೇಗ ಕೂಡುತ್ತದೆ ಅಂತ 2008ರಲ್ಲಿ ಗೊತ್ತಾಯಿತು.

ಊಟ ಬಿಡಬೇಡಿ ಅಂತ ಖಡಕ್ಕಾಗಿ ಹೇಳುತ್ತೇನೆ. ಗ್ಲಿಮೆಪಿರೈಡ್ ಎಂಬ ಶುಗರ್ ಗುಳಿಗೆ ನುಂಗಿ ಉಪವಾಸ ಮಲಗಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದು ಭತ್ತದ ಸೀಮೆ. ಮೂರು ಹೊತ್ತೂ ಅನ್ನ ಉಣ್ಣುವ ಮನೆಗಳು ಬಹಳ. ಅನ್ನ ಪೂರ್ತಿ ಬಿಡಿಸುವುದಿಲ್ಲ, ಅರ್ಧ ಮಾಡಿಸಿ ಆ ಜಾಗಕ್ಕೆ ಕಾಳು ಪಲ್ಯ, ಸೊಪ್ಪು ಹಾಕಿಸುತ್ತೇನೆ. ತೂಕ ಜಾಸ್ತಿ ಇದ್ದವರು ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಲಿವರಿನ ಕೊಬ್ಬು ಚೆನ್ನಾಗಿ ಕರಗುತ್ತದೆ. ಪಿಎನ್‌ಪಿಎಲ್‌ಎ3 ಜೀನ್‌ನ ಆ ಬಗೆ ಇದ್ದವರಿಗೂ ಇದರಿಂದ ಲಾಭವಿದೆ.

ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆ ಮುಖ್ಯವಾಗಿ ತಡೆಯುವುದು ಲಿವರ್ ಸುರಿಯುವ ಸಕ್ಕರೆಯನ್ನೇ. ಡೋಸ್ ಬದಲಿಸುವ ಮೊದಲು ರಾತ್ರಿ ಊಟದ ಎರಡು ತಾಸಿನ ನಂತರದ ರೀಡಿಂಗ್, ಬೆಳಗಿನ ರೀಡಿಂಗ್ ಎರಡನ್ನೂ ಬರೆದು ತರಲು ಹೇಳುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಂದ ನಡುರಾತ್ರಿಯದೂ ಬೇಕು.