ಅಜಂತಾದ ಕತ್ತಲೆಯಲ್ಲಿ ಕ್ಯಾಮೆರಾ ಹಿಡಿದು

ಅಜಂತಾದ ಚಿತ್ರಗಳಿರುವ ಗುಹೆಗಳಲ್ಲಿ ಫ್ಲ್ಯಾಶ್ ನಿಷಿದ್ಧ. ಟ್ರೈಪಾಡ್ ಬೇಕೆಂದರೆ ಪುರಾತತ್ತ್ವ ಇಲಾಖೆಯ ಅನುಮತಿ ತರಬೇಕು. ಕಂಬಕ್ಕೆ ಒರಗಿ ಕೈ ಗಟ್ಟಿ ಮಾಡಿಕೊಳ್ಳೋಣವೆಂದರೆ ಕಂಬದ ಮೇಲೂ ಬಣ್ಣವಿದೆ, ಮುಟ್ಟುವಂತಿಲ್ಲ. ಹಾಗಾಗಿ ಬಹುಪಾಲು ಚಿತ್ರಗಳನ್ನು ನೆಲದ ಮೇಲೆ ಕುಳಿತೇ ತೆಗೆದೆ. ಮೊಣಕಾಲು ಮಡಚಿ, ಅದರ ಮೇಲೆ ಮೊಣಕೈ ಊರಿ, ಉಸಿರು ಹೊರಬಿಟ್ಟ ಮೇಲೆ ಕ್ಲಿಕ್ಕಿಸಿದರೆ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ನಿಧಾನದ ಶಟರ್‌ನಲ್ಲೂ ಚಿತ್ರ ಅಲುಗುವುದಿಲ್ಲ. ಒಂದರ ಹಿಂದೊಂದು ನಾಲ್ಕೈದು ತೆಗೆಯುತ್ತೇನೆ. ಗುಂಡಿ ಒತ್ತುವ ಬೆರಳು ಮೊದಲನೆಯದನ್ನು ಕದಲಿಸಿದರೂ ನಡುವಿನದೊಂದು ಸ್ಪಷ್ಟವಾಗಿರುತ್ತದೆ. 35 ಮಿ.ಮೀ. ಲೆನ್ಸ್, ಅದರ ಕಿಂಡಿ ಅಗಲವಾಗಿ ತೆರೆದು ಎಫ್ 1.8, ಬೆಳಕಿನ ಸಂವೇದನೆ ಐಎಸ್‌ಒ 3200: ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಏನೂ ಕಾಣಿಸುವುದಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಕ್ಯಾಮೆರಾದ ಹಿಂಬದಿ ಪರದೆಯ ಪ್ರಕಾಶ ತಗ್ಗಿಸುತ್ತೇನೆ. ಕತ್ತಲಲ್ಲಿ ಅದು ಎಂಥ ಮಂಕು ಚಿತ್ರವನ್ನೂ ಬೆಳಗಿಸಿ ತೋರಿಸಿ ಮೋಸ ಮಾಡುತ್ತದೆ. ಫೋಕಸ್‌ಗೆ ನೆರವಾಗಲು ಹೊತ್ತಿಕೊಳ್ಳುವ ಪುಟ್ಟ ದೀಪವನ್ನೂ ಆರಿಸಬೇಕು. ಫ್ಲ್ಯಾಶ್ ನಿಲ್ಲಿಸಿದವರು ಇದನ್ನು ಮರೆತು ಕಾವಲುಗಾರರಿಂದ ಬೈಸಿಕೊಳ್ಳುವುದುಂಟು.

ಕತ್ತಲೆಯನ್ನು ಕಂಡರೆ ಕ್ಯಾಮೆರಾಗೆ ಸಹನೆಯಿಲ್ಲ. ಎಲ್ಲವನ್ನೂ ಬೆಳಗಿಸಲು ಹೋಗಿ ಒಂದನೇ ಗುಹೆಯ ಗೋಡೆಯ ಮೇಲಿನ, ಕೈಯಲ್ಲಿ ಕಮಲ ಹಿಡಿದ ಬೋಧಿಸತ್ವ ಪದ್ಮಪಾಣಿಯ ಮುಖವನ್ನು ಬಿಳಿಚಿಸುತ್ತದೆ. ಅದಕ್ಕೇ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತಗ್ಗಿಸಿ, ಮೂಲೆಗಳು ಕಪ್ಪಾದರೆ ಆಗಲಿ ಎಂದು ಬಿಡುತ್ತೇನೆ. ಮೊಬೈಲಿನ ನೈಟ್ ಮೋಡ್ ಬಗ್ಗೆ ನನ್ನ ತಕರಾರು ಇದೇ: ಗುಹೆಯನ್ನು ಟ್ಯೂಬ್‌ಲೈಟ್ ಹಾಕಿದ ಕಲ್ಯಾಣ ಮಂಟಪದಂತೆ ಮಾಡಿಬಿಡುತ್ತದೆ.

ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಎತ್ತಲಿಂದ ಬರುತ್ತದೆ ಎನ್ನುವುದು ಮುಖ್ಯ. ಇದೇ ಗುಹೆಯ ಗರ್ಭಗೃಹದ ಬುದ್ಧನ ಮುಖಕ್ಕೆ ಮಾರ್ಗದರ್ಶಕರು ಎಡದಿಂದ, ಬಲದಿಂದ, ಎದುರಿನಿಂದ ದೀಪ ಹಿಡಿದು ಭಾವ ಬದಲಾಗುವುದನ್ನು ತೋರಿಸುತ್ತಾರೆ. ಯಾರಾದರೂ ಹಾಗೆ ತೋರಿಸುವಾಗ ಪಕ್ಕದಲ್ಲಿ ಸಿದ್ಧವಾಗಿ ಕುಳಿತಿದ್ದರೆ ಸಾಕು.

ಕನ್ನಡಿಗರು ಇಲ್ಲಿ ಹುಡುಕುವುದು ಇಮ್ಮಡಿ ಪುಲಕೇಶಿಯ ಆಸ್ಥಾನದಲ್ಲಿ ಪರ್ಷಿಯಾದ ರಾಯಭಾರಿ ಎಂದು ಹೆಸರಾದ ಚಿತ್ರವನ್ನು. ಪುಲಕೇಶಿ ಪಟ್ಟಕ್ಕೆ ಬಂದದ್ದು ಸುಮಾರು 610ರಲ್ಲಿ. ಆದರೆ ಚಿತ್ರವಿರುವ ಈ ಒಂದನೇ ಗುಹೆಯನ್ನು ಅನೇಕ ವಿದ್ವಾಂಸರು ಅದಕ್ಕೂ ಮೊದಲಿನ ಐದನೇ ಶತಮಾನದ ಕೊನೆಗೆ, ವಾಕಾಟಕ ದೊರೆ ಹರಿಷೇಣನ ಕಾಲಕ್ಕೆ ಸೇರಿಸುತ್ತಾರೆ. ಹೆಸರು ಬಿದ್ದುಹೋದರೂ ಚಿತ್ರ ಚೆಂದವೇ, ತೆಗೆಯುವುದು ಮಾತ್ರ ಕಷ್ಟ. ಅದಿರುವುದು ಬಾಗಿಲಿರುವ ಗೋಡೆಯ ಒಳಮೈಯಲ್ಲಿ. ಹೊರಗಿನ ಬೆಳಕು ಅದರ ಮೇಲೆ ಬೀಳದೆ ನೇರ ಲೆನ್ಸಿಗೆ ಹೊಡೆಯುತ್ತದೆ. ಬಾಗಿಲನ್ನು ಚೌಕಟ್ಟಿನಿಂದ ಹೊರಗಿಟ್ಟು, ಲೆನ್ಸಿನ ಪಕ್ಕ ಅಂಗೈ ಅಡ್ಡ ಹಿಡಿದು ತೆಗೆದೆ.

26ನೇ ಗುಹೆಯ ಸಮಸ್ಯೆ ಜಾಗದ್ದು. ಮಹಾಪರಿನಿರ್ವಾಣದ, ಅಂದರೆ ಕೊನೆಯುಸಿರಿನ ಗಳಿಗೆಯಲ್ಲಿ ಮಲಗಿರುವ ಬುದ್ಧನ ವಿಗ್ರಹ ಸುಮಾರು ಏಳು ಮೀಟರ್ ಉದ್ದ. ಹಿಂದೆ ಸರಿದರೆ ಕಂಬಗಳ ಸಾಲು ಅಡ್ಡ. ಅಗಲದ ಲೆನ್ಸ್ ಹಾಕಿದರೆ ತಲೆ ಕಾಲು ಎರಡೂ ಎಳೆದಂತಾಗುತ್ತವೆ. ಇಡೀ ವಿಗ್ರಹದ ಆಸೆ ಬಿಟ್ಟು ತಲೆಯ ಕಡೆಯಿಂದ ಉದ್ದಕ್ಕೆ ತೆಗೆದದ್ದೇ ನನಗೆ ಮೆಚ್ಚುಗೆಯಾಯಿತು.

ಬಾಗಿಲಿನ ಬೆಳಕು ನೀಲಿ, ಒಳಗಿನ ದೀಪ ಹಳದಿ. ಆದ್ದರಿಂದ ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲೇ ತೆಗೆದು, ಬಣ್ಣದ ಹೊಂದಾಣಿಕೆಯನ್ನು ಮನೆಯಲ್ಲಿ ಮಾಡುತ್ತೇನೆ. ಐಎಸ್‌ಒ ಏರಿಸಿದಾಗ ಮೂಡುವ ಕಾಳುಕಾಳನ್ನು ಪೂರ್ತಿ ಒರೆಸುವುದಿಲ್ಲ. ಒರೆಸಿದರೆ ಅದರೊಂದಿಗೆ ಗಾರೆಯ ಬಿರುಕು, ಬಣ್ಣ ಉದುರಿದ ಅಂಚುಗಳೂ ಹೋಗುತ್ತವೆ.