ಬಟ್ಟೆ ಹೊದಿಸಿದ ಕಯಾಕಿಗೆ ಸಾಮಾನಿನ ಬಾಯಿ

ಚೌಕಟ್ಟಿಗೆ ನೈಲಾನ್ ಬಟ್ಟೆ ಹೊದಿಸಿದ ಕಯಾಕಿನಲ್ಲಿ (ಹುಟ್ಟು ಹಾಕುವ ಕಿರಿದಾದ ದೋಣಿ) ಚಂದ್ರಗಿರಿ ಹೊಳೆಯಲ್ಲಿ ಎರಡು ದಿನ ಸುತ್ತಬೇಕೆಂದರೆ ಟೆಂಟು, ಅವಲಕ್ಕಿ ಎಲ್ಲವನ್ನೂ ಕೂರುವ ಜಾಗದಿಂದಲೇ ತುರುಕಬೇಕು, ತಲೆನೋವು ಅಲ್ವಾ? ಸೀಟಿನ ಹಿಂದೆ, ದೋಣಿಯ ಮೇಲ್ಭಾಗದಲ್ಲಿ, ಮುಚ್ಚಳವಿರುವ ಒಂದು ಬಾಯಿ ಇಡಿ. ಅದು ಚೌಕಟ್ಟಿನ ಎರಡು ಅಡ್ಡಪಟ್ಟಿಗಳ ನಡುವೆಯೇ ಇರಲಿ, ಪಟ್ಟಿಗೆ ಗರಗಸ ಹಾಕಬೇಡಿ.

ಮರೈನ್ ಪ್ಲೈವುಡ್ಡಿನ ಎರಡು ಬಳೆ ಮಾಡಿ. ಒಂದು ಬಟ್ಟೆಯ ಮೇಲೆ, ಇನ್ನೊಂದು ಕೆಳಗೆ. ನಡುವೆ ಸೀಲಂಟ್ ಹಚ್ಚಿ ಸ್ಟೀಲ್ ಬೋಲ್ಟ್ ಬಿಗಿದ ಮೇಲೆಯೇ ಬಳೆಯೊಳಗಿನ ನೈಲಾನ್ ಕತ್ತರಿಸಿ, ಮೊದಲೇ ಕತ್ತರಿಸಿದರೆ ಬಟ್ಟೆ ಸಡಿಲವಾಗುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನಿಂದ ಕೊಯ್ದರೆ ಅಂಚು ಕರಗಿ ಕೂರುತ್ತದೆ. ನಾನು ಸುಮ್ನೆ ಕತ್ತರಿ ಹಾಕಿ, ನೂಲು ಬಿಚ್ಚಿಕೊಂಡು ಮತ್ತೆ ಹೊಲಿದೆ.

ಇಂಥ ಕಯಾಕಿಗೆ ಸಾಮಾನ್ಯವಾಗಿ ಕೂರುವ ಜಾಗವನ್ನೂ ಸಾಮಾನಿನ ಜಾಗವನ್ನೂ ಬೇರ್ಪಡಿಸುವ ಒಳಗೋಡೆ ಇರುವುದಿಲ್ಲ. ಮುಚ್ಚಳ ಎಷ್ಟು ಗಟ್ಟಿಯಿದ್ದರೂ ಮಗುಚಿದರೆ ಕೂರುವ ಜಾಗದಿಂದ ನೀರು ತುಂಬುತ್ತದೆ, ಹಾಗಾಗಿ ಸಾಮಾನು ಡ್ರೈ ಬ್ಯಾಗಿನಲ್ಲಿರಲಿ (ನೀರು ಒಳಹೋಗದ ಚೀಲ), ಉಳಿದ ಜಾಗಕ್ಕೆ ಗಾಳಿಚೀಲ ತುಂಬಿ.